ನನ್ನ ಒಸಡಿನ ಮೇಲಿನ ಗೀರು

ಬಾಟಲಿ ತೊಳೆಯುವುದಕ್ಕೂ ಒಂದು ಲೆಕ್ಕವಿದೆ. ಸೋಪಿನ ನೀರಿನಲ್ಲಿ ಬ್ರಷ್ ಆಡಿಸಿದ ಮೇಲೆ ನಲ್ಲಿ ನೀರು ತುಂಬಿ ಏಳು ಸಲ ಕುಲುಕಿ ಚೆಲ್ಲಬೇಕು. ಆಮೇಲೆ ಭಟ್ಟಿ ಇಳಿಸಿದ ನೀರಿನಲ್ಲಿ ಮೂರು ಸಲ. ಏಳು ಅಂದರೆ ಏಳೇ. ನಾನು ಕೆಲಸಕ್ಕೆ ಸೇರಿದ ದಿನ ಮೇಡಂ ಹೇಳಿದ್ದರು: "ಮನೆ ಪಾತ್ರೇಲಿ ಸ್ವಲ್ಪ ಸೋಪು ಉಳಿದ್ರೆ ನಮ್ಮ ಹೊಟ್ಟೆ ಹೇಗೋ ತಡ್ಕೊಳ್ಳುತ್ತೆ. ಜೀವಕೋಶಕ್ಕೆ ಹೊಟ್ಟೆ ಇಲ್ಲ, ಮೈಯೆಲ್ಲಾ ಬಾಯಿ." ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಇಪ್ಪತ್ನಾಲ್ಕು ವರ್ಷದಿಂದ ಬಾಯಿಬಿಟ್ಟು ಎಣಿಸಿಯೇ ತೊಳೆಯುತ್ತಿದ್ದೇನೆ.

ನಮ್ಮದು ಹಲ್ಲಿನ ಡಾಕ್ಟರುಗಳನ್ನು ತಯಾರು ಮಾಡುವ ಕಾಲೇಜು. ಮೂರನೇ ಮಹಡಿಯ ತುದಿಯಲ್ಲಿ ನನ್ನ ಸಿಂಕು, ಕಿಟಕಿಯ ಕೆಳಗೆ. ಎಡಕ್ಕೆ ಬಾಟಲಿಗಳನ್ನು ತಲೆಕೆಳಗಾಗಿ ನಿಲ್ಲಿಸುವ ಗೂಟದ ಹಲಗೆ. ಬಲಕ್ಕೆ, ಗಾಜಿನ ಗೋಡೆಯ ಆಚೆ, ಕೋಶ ಬೆಳೆಸುವ ಕೋಣೆ. ಅಲ್ಲಿ ಮನುಷ್ಯರ ಮೈಯಷ್ಟೇ ಬೆಚ್ಚಗಿರುವ ಒಂದು ಪೆಟ್ಟಿಗೆಯಿದೆ. ಅದರೊಳಗೆ ಅಂಗೈಗಿಂತ ಚಿಕ್ಕ ಪ್ಲಾಸ್ಟಿಕ್ ಬಟ್ಟಲುಗಳಲ್ಲಿ ಒಸಡಿನ ಕೋಶಗಳು ಬೆಳೆಯುತ್ತವೆ. ಆ ಕೋಣೆಗೆ ಬೂಟು ಬಿಚ್ಚಿ, ಟೊಪ್ಪಿ ಹಾಕಿ, ಕೈಗೆ ಸ್ಪಿರಿಟ್ ಸವರಿಕೊಂಡೇ ಹೋಗಬೇಕು. ಒಳಗೆ ಕೆಲಸ ನಡೆಯುವಾಗ ಬಾಗಿಲು ತೆಗೆಯುವ ಹಾಗಿಲ್ಲ. ಗಾಳಿಯ ಜೊತೆ ಬೂಸು ನುಗ್ಗುತ್ತದೆ.

ಈಗ ಹೇಳಹೊರಟಿರುವ ಬಟ್ಟಲುಗಳಲ್ಲಿದ್ದದ್ದು ನನ್ನದೇ ಒಸಡು.

ಆದದ್ದಿಷ್ಟೆ. ನನ್ನ ಕಡೆಯ ದವಡೆ ಹಲ್ಲು ಹುಳುಕಾಗಿ ಕೀಳಿಸಬೇಕಾಯಿತು. ಕೆಳಗಿನ ಮಹಡಿಯಲ್ಲೇ ಕುರ್ಚಿ ಹತ್ತಿದೆ. ಆಗ ಅವಸರ ಓಡಿಬಂದಳು. ಅವಸರ ಅಂದರೆ ನಮ್ಮ ಮೇಡಂ ಹತ್ತಿರ ಸಂಶೋಧನೆ ಮಾಡುವ ಹುಡುಗಿ. ಆ ಹೆಸರು ಇಟ್ಟವಳು ನಾನು. ಬಂದ ಮೊದಲ ದಿನವೇ ಲಿಫ್ಟಿಗೆ ಕಾಯಲಾರದೆ ಮೂರು ಮಹಡಿ ಓಡಿ ಹತ್ತಿ, ಏದುಸಿರು ಬಿಡುತ್ತಾ ನನ್ನ ಸಿಂಕಿನ ಮುಂದೆ ನಿಂತು, "ಮೇಡಂ ಎಲ್ಲಿ, ಕೀ ಎಲ್ಲಿ, ನನ್ನ ಜಾಗ ಎಲ್ಲಿ" ಎಂದು ಒಂದೇ ಉಸಿರಿಗೆ ಕೇಳಿದ್ದಳು. "ಮೊದಲು ಉಸಿರು ಎಲ್ಲಿ ಅಂತ ನೋಡ್ಕೋ ತಾಯಿ" ಎಂದಿದ್ದೆ.

"ಅಜ್ಜೀ, ಹಲ್ಲಿನ ಜೊತೆ ಅಕ್ಕಿಕಾಳಿನಷ್ಟು ಒಸಡು ಬರುತ್ತೆ. ಅದನ್ನ ನಂಗೆ ಕೊಡ್ತೀರಾ? ವಯಸ್ಸಾದವರ ಒಸಡೇ ಬೇಕಿತ್ತು ನಂಗೆ, ಸಿಗ್ತಾನೇ ಇಲ್ಲ."

"ವಯಸ್ಸಾಗಿದೆ ಅಂತ ಯಾರು ಹೇಳಿದ್ರು?"

"ಅಯ್ಯೋ, ಒಸಡಿಗೆ ಅಜ್ಜಿ. ನಿಮಗಲ್ಲ."

ಒಪ್ಪಿಗೆಯ ಹಾಳೆ ಕೊಟ್ಟಳು. ಎರಡು ಪುಟವನ್ನೂ ಓದಿ ಮುಗಿಸಿಯೇ ಸಹಿ ಹಾಕಿದೆ. ಬಾಯಿ ಮರಗಟ್ಟಿಸುವ ಸೂಜಿ ಹಿಡಿದು ಡಾಕ್ಟರು ಕಾಯುತ್ತಾ ನಿಂತಿದ್ದರು. ನಿಲ್ಲಲಿ. ಓದಲು ಕಲಿಯುವುದಕ್ಕೆ ನಾನು ನಲವತ್ತು ವರ್ಷ ಕಾದಿದ್ದೆ.

ಮನೆಯಲ್ಲಿ ತಂಗಿಗೆ ಹೇಳಿದಾಗ ಅವಳು ನಕ್ಕು ನಕ್ಕು ಸುಸ್ತಾದಳು. ನಾವಿಬ್ಬರೇ ಇರುವುದು. ಅವಳು ಹೊಲಿಗೆ ಮಾಡುತ್ತಾಳೆ, ನನಗಿಂತ ಆರು ವರ್ಷ ಚಿಕ್ಕವಳು, ನಾಲಿಗೆ ಮಾತ್ರ ಹತ್ತು ವರ್ಷ ದೊಡ್ಡದು.

"ಅಲ್ಲಕ್ಕಾ, ಕಿತ್ತು ಬಟ್ಟಲಿಗೆ ಹಾಕಿದ್ರೂ ನಿನ್ನ ಬಾಯಿ ಬೆಳೀತಾನೇ ಇದೆಯಲ್ಲ! ಇಲ್ಲಿರೋ ಒಂದೇ ಸಾಲದು ಅಂತ ಇನ್ನೊಂದಾ?"

"ಅಲ್ಲಿರೋದು ಮಾತಾಡಲ್ಲ ಕಣೇ."

"ಹಾಗಾದ್ರೆ ಅದನ್ನೇ ಮನೆಗೆ ಕರ್ಕೊಂಡು ಬಾ. ನೀನು ಅಲ್ಲಿರು."

ಅವಸರಳ ಕೆಲಸ ಏನೆಂದು ನಾನು ಕೇಳಿ ಕೇಳಿ ತಿಳಿದುಕೊಂಡಿದ್ದೆ. ಹೈಯಲುರಾನಿಕ್ ಆಸಿಡ್ ಎಂಬ ಬಿಳಿಯ ಪುಡಿಯೊಂದಿದೆ. ಹೆಸರು ಕೇಳಿ ನಾನು ದೂರ ಸರಿದಿದ್ದೆ.

"ಹೆಸರು ಮಾತ್ರ ಆಸಿಡ್, ಸುಡಲ್ಲ" ಎಂದಳು. "ನಮ್ಮ ಮೈಯಲ್ಲೇ ಇರೋದು ಅಜ್ಜಿ. ಕಣ್ಣಲ್ಲಿದೆ, ಚರ್ಮದಲ್ಲಿದೆ, ಒಸಡಲ್ಲಿದೆ, ಮೊಣಕಾಲಿನ ಕೀಲಲ್ಲಿದೆ. ನೀರು ಹಿಡಿದಿಟ್ಕೊಳ್ಳೋದು ಅದರ ಗುಣ. ಗಾಯ ಆದ ಕಡೆ ಅದು ಇದ್ರೆ ಕೋಶಗಳಿಗೆ ನಡೆಯೋಕೆ ಸಲೀಸು."

"ಹಾಗಾದ್ರೆ ನನ್ನ ಮೊಣಕಾಲಿಗೂ ನಾಲ್ಕು ಚಿಟಿಕೆ ಹಾಕು. ಮೆಟ್ಟಿಲು ಹತ್ತೋವಾಗ ಬಾಗಿಲು ಕಿರುಗುಟ್ಟಿದ ಹಾಗೆ ಆಗುತ್ತೆ."

ಅವಳ ಪರೀಕ್ಷೆ ನೋಡಲು ಚೆಂದ. ಬಟ್ಟಲಿನ ತಳದಲ್ಲಿ ಕೋಶಗಳು ಚಾಪೆ ಹಾಸಿದಂತೆ ತುಂಬಿಕೊಂಡ ಮೇಲೆ, ಚೂಪಾದ ಕೊಳವೆಯ ತುದಿಯಿಂದ ನಡುವೆ ಒಂದು ಗೀರು ಎಳೆಯುತ್ತಾಳೆ. ಅದೇ ಗಾಯ. ಎರಡೂ ದಡದ ಕೋಶಗಳು ತೆವಳುತ್ತಾ ಬಂದು ಗೀರನ್ನು ತುಂಬಬೇಕು. ನಾಲ್ಕು ಬಟ್ಟಲು. ಒಂದಕ್ಕೆ ಆಸಿಡ್ ಇಲ್ಲ, ಕೋಶಗಳ ಊಟವಾದ ಪೋಷಣೆ ನೀರು ಮಾತ್ರ, ಅದು ಸೊನ್ನೆ. ಉಳಿದವಕ್ಕೆ ಸ್ವಲ್ಪ, ಇನ್ನಷ್ಟು, ಮತ್ತಷ್ಟು. ಅವು ಒಂದು, ಎರಡು, ಮೂರು. ಒಂದು ದಿನ ಕಳೆದು ಫೋಟೋ ತೆಗೆದು, ಯಾವುದರಲ್ಲಿ ಗೀರು ಎಷ್ಟು ಕಿರಿದಾಯಿತೆಂದು ಅಳೆಯುವುದು.

ಅಳೆದಳು. ನಾಲ್ಕರಲ್ಲೂ ಒಂದೇ ಅಳತೆ. ಮತ್ತೆ ಮಾಡಿದಳು, ಅದೇ. ಮೂರನೇ ಸಲವೂ ಅದೇ. ಸೊನ್ನೆಗೂ ಮೂರಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನನ್ನ ಒಸಡಿನ ಕೋಶಗಳನ್ನು ಪುಟ್ಟ ಸೀಸೆಗಳಲ್ಲಿ ತುಂಬಿ ಮಂಜಿಗಿಂತ ತಣ್ಣಗಿನ ಡಬ್ಬದಲ್ಲಿ ಇಟ್ಟಿದ್ದರು. ನಾಲ್ಕು ಸೀಸೆಗಳಲ್ಲಿ ಮೂರು ಖಾಲಿಯಾದವು. ನಾಲ್ಕನೆಯದೂ ಹೀಗೇ ಆದರೆ ವಿಷಯವನ್ನೇ ಬದಲಾಯಿಸಬೇಕು, ಒಂದು ವರ್ಷ ಹಿಂದಕ್ಕೆ ಹೋಗಬೇಕು ಎಂದು ಅವಳು ಮೆಟ್ಟಿಲ ಮೇಲೆ ಕೂತು ಹೇಳಿದಳು. ಅವಳು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಮೇಡಂ ಒಂದೊಂದನ್ನೇ ವಿಚಾರಿಸುತ್ತಾ ಬಂದರು. ಪುಡಿಯ ಡಬ್ಬಿ ಹಳೆಯದೇ? ಇಲ್ಲ. ಬೆಚ್ಚನೆ ಪೆಟ್ಟಿಗೆ ಸರಿಯಿದೆಯೇ? ಇದೆ. ಪಾತ್ರೆಗಳನ್ನು ಆವಿಯಲ್ಲಿ ಬೇಯಿಸಿ ಶುದ್ಧ ಮಾಡುವವನನ್ನು ನಾವೆಲ್ಲ ಕುಕ್ಕರಣ್ಣ ಎನ್ನುತ್ತೇವೆ. ಅವನನ್ನೂ ಕೇಳಿದರು. "ನನ್ನ ಕುಕ್ಕರ್ ಯಮನನ್ನ ಹಾಕಿದ್ರೂ ಬೇಯಿಸಿ ಕೊಡುತ್ತೆ ಮೇಡಂ" ಎಂದ. ಕೊನೆಗೆ ನನ್ನ ಸಿಂಕಿನ ಹತ್ತಿರ ಬಂದರು.

"ಆಸಿಡ್ ಕಲಸಿಟ್ಟ ದೊಡ್ಡ ಬಾಟಲಿ ತೊಳೆದದ್ದು ಸರಿಯಾಗಿತ್ತಾ ಅಮ್ಮ? ಸೋಪು ಉಳಿದು ಅದನ್ನ ಕೆಡಿಸಿರಬಹುದಾ ಅಂತ ಒಂದು ಅನುಮಾನ, ಅಷ್ಟೆ."

"ಸರಿಯಾಗಿತ್ತು ಮೇಡಂ" ಎಂದೆ. ಪ್ರಶ್ನೆ ಮುಗಿಯುವ ಮೊದಲೇ ಎಂದೆ.

ಅವರು ಹೋದರು. ನಾನು ನಲ್ಲಿ ತಿರುಗಿಸಿ ನೀರು ಬಿಟ್ಟುಕೊಂಡು ನಿಂತೆ, ಏನೂ ತೊಳೆಯದೆ.

ಸರಿಯಾಗಿರಲಿಲ್ಲ. ಆ ಬಾಟಲಿಯನ್ನು ತೊಳೆಯುವಾಗ ತಂಗಿಯ ಫೋನು ಬಂದಿತ್ತು. ಬೀಗದೊಳಗೆ ಕೀ ಮುರಿದುಕೊಂಡು ಅವಳು ಹೊರಗೆ ನಿಂತಿದ್ದಳು. "ಅಕ್ಕಾ, ಬೇಗ ಬಾ, ಒಲೆ ಮೇಲೆ ಹಾಲು!" ಎಂಬ ಗಾಬರಿ. ಬೀಗ ರಿಪೇರಿಯವನ ನಂಬರು ಹುಡುಕಿ ಹೇಳಿ, ಫೋನಿಟ್ಟು, ಬಾಟಲಿ ಎತ್ತಿಕೊಂಡಾಗ ಐದಾಗಿತ್ತೋ ಆರಾಗಿತ್ತೋ ನೆನಪಾಗಲಿಲ್ಲ. ಆರು ಇರಬೇಕು ಎಂದುಕೊಂಡು ಇನ್ನೊಂದು ಸಲ ಕುಲುಕಿ ಚೆಲ್ಲಿ ಮುಂದಿನದಕ್ಕೆ ಕೈ ಹಾಕಿದೆ.

ಇಷ್ಟೇ ಆಗಿದ್ದರೆ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಬಹುದಿತ್ತು. ಇನ್ನೊಂದಿತ್ತು. ದ್ರಾವಣವನ್ನು ಸೋಸುವುದಕ್ಕೆ ಒಂದು ಸ್ಟೀಲಿನ ಬಟ್ಟಲಿದೆ. ತಳದಲ್ಲಿ ಕಾಗದದಂಥ ತೆಳ್ಳನೆಯ ಪೊರೆ ಹಾಕಿ, ಪಂಪಿನಿಂದ ಎಳೆಯುತ್ತಾರೆ. ಪೊರೆಯ ತೂತು ಎಷ್ಟು ಸಣ್ಣದೆಂದರೆ ಕ್ರಿಮಿ ಕೂಡ ದಾಟುವುದಿಲ್ಲ. ಆ ಸೋಸು ಬಟ್ಟಲನ್ನೂ ಫೋನು ಬಂದ ದಿನವೇ ತೊಳೆದು ಕೊಟ್ಟಿದ್ದೆ. ಅವಸರ ಬಳಸಿ ವಾಪಸು ಕಳಿಸಿದಾಗ ಒಳಗೆಲ್ಲಾ ಜಾರುತ್ತಿತ್ತು. ಬೆರಳಿಗೆ ಸೋಪಿನ ಜಾರುವಿಕೆ ಚೆನ್ನಾಗಿ ಗೊತ್ತು. ಆದರೂ ಯಾರಿಗೂ ಹೇಳದೆ ತೊಳೆದಿಟ್ಟಿದ್ದೆ. ಆ ಒಂದೇ ದಿನ ಕಲಸಿಟ್ಟ ದ್ರಾವಣವನ್ನೇ ಅವಳು ಮೂರು ಸಲವೂ ಬಳಸಿದ್ದಳು.

ನಾಲ್ಕು ದಿನ ಅನ್ನ ರುಚಿಸಲಿಲ್ಲ. ಮೇಡಂ ಕೋಣೆಯ ಬಾಗಿಲವರೆಗೆ ಎರಡು ಸಲ ಹೋಗಿ, ಟೇಬಲ್ ಒರೆಸಿ ಬಂದೆ.

"ಏನಾಗಿದೆಯೇ ಅಕ್ಕ ನಿಂಗೆ? ನಾನು ಎರಡು ಸಲ ಬೈದೆ, ನೀನು ತಿರುಗಿಸಿ ಬೈಯ್ಲೇ ಇಲ್ಲ. ಹುಷಾರಿಲ್ವಾ?" ಎಂದಳು ತಂಗಿ.

ಹೇಳಿದೆ. ಅವಳು ದಾರ ಹಲ್ಲಿನಲ್ಲಿ ಕಚ್ಚಿ ಕಡಿದು, ನನ್ನ ಮುಖ ನೋಡಿದಳು.

"ನಾನು ಫೋನ್ ಮಾಡಿದ್ದಕ್ಕೇ ಆಯ್ತು ಅಂತ ಹೇಳ್ಬಿಡು. ತಪ್ಪು ನನ್ನ ಮೇಲೆ ಹಾಕು. ನನ್ನನ್ನೇನು ಕೆಲಸದಿಂದ ತೆಗೀತಾರಾ?"

"ಕೆಲಸದ ಮಾತಲ್ಲ ಕಣೇ. ಆ ಹುಡುಗಿ ವರ್ಷ ಹಾಳಾಯ್ತಲ್ಲ."

"ಹಾಗಾದ್ರೆ ನಾಳೆನೇ ಹೇಳು. ಕೊನೇ ಸೀಸೆನಾದ್ರೂ ಉಳೀಲಿ."

ಅಷ್ಟರಲ್ಲಿ ಕೊನೆಯ ಸೀಸೆಯನ್ನು ತೆಗೆದಾಗಿತ್ತು. ಕೋಶಗಳು ಬಟ್ಟಲಲ್ಲಿ ಬೆಳೆದು ಚಾಪೆಯಾಗಿದ್ದವು. ಅವಸರ ಹೊಸದಾಗಿ ದ್ರಾವಣ ಮಾಡುವವಳಿದ್ದಳು. ಅದಕ್ಕೆಂದು ಹೊಸ ಬಾಟಲಿ, ಅದೇ ಸೋಸು ಬಟ್ಟಲು. ಎರಡನ್ನೂ ನಾನು ಫೋನು ಆಫ್ ಮಾಡಿಟ್ಟು, ಗಟ್ಟಿಯಾಗಿ ಎಣಿಸಿ ತೊಳೆದೆ. ಏಳು, ಮೂರು. ನಂಬಿಕೆ ಸಾಲದೆ ಇನ್ನೊಮ್ಮೆ ಏಳು, ಮೂರು. ಕುಕ್ಕರಣ್ಣ ಬಂದು, "ಅಕ್ಕಾ, ಸ್ಟೀಲು ಸವೆದು ಹೋಗುತ್ತೆ, ಬಿಡಿ ಇನ್ನು" ಎಂದು ಕಿತ್ತುಕೊಂಡು ಹೋದ. ಇವತ್ತಿನ ಪರೀಕ್ಷೆ ಸರಿಬಂದರೆ ತಪ್ಪು ನನ್ನದೆಂದು ರುಜುವಾತಾಗುತ್ತದೆ. ನಾಳೆ ಅಳತೆ ಬಂದ ಕೂಡಲೇ ಮೇಡಂಗೆ ಹೇಳಿಬಿಡುವುದು ಎಂದು ಗಟ್ಟಿ ಮಾಡಿಕೊಂಡೆ.

ಬೆಳಗ್ಗೆ ಹನ್ನೊಂದಕ್ಕೆ ಸೋಸು ಬಟ್ಟಲು ವಾಪಸು ಬಂತು. ಕೈ ಹಾಕಿದೆ. ಜಾರಿತು.

ಇದು ಹೇಗೆ ಸಾಧ್ಯ? ಹದಿನಾಲ್ಕು ನೀರು, ಆರು ನೀರು ಕಂಡ ಬಟ್ಟಲು. ಸೋಪಿನ ಅಪ್ಪನೂ ಉಳಿಯುವಂತಿರಲಿಲ್ಲ. ಆ ಲೋಳೆಯನ್ನು ಪೊರೆಯ ಮೇಲಿಂದ ಉಗುರಲ್ಲಿ ಕೆರೆದು, ಸಣ್ಣ ಗಾಜಿನ ನಳಿಗೆಗೆ ಹಾಕಿ, ನೀರು ಬಿಟ್ಟು ಕುಲುಕಿದೆ. ಇನ್ನೊಂದು ನಳಿಗೆಯಲ್ಲಿ ಒಂದೇ ತೊಟ್ಟು ಸೋಪು. ಸೋಪಿನದು ಕುತ್ತಿಗೆಯವರೆಗೆ ನೊರೆ ಬಂತು. ಲೋಳೆಯದು ನೊರೆಯೇ ಕಟ್ಟಲಿಲ್ಲ. ಎರಡು ಬೆರಳ ನಡುವೆ ಹಿಡಿದು ಬಿಡಿಸಿದರೆ ದಾರದ ಹಾಗೆ ಎಳೆ ಬಂತು.

ದಾರ ಕಂಡದ್ದೇ ತಡ, ನನ್ನ ಮೂಗಿಗೆ ಮೈದಾ ಅಂಟಿನ ವಾಸನೆ ಬಂದಂತಾಯಿತು. ಇಲ್ಲಿಗೆ ಬರುವ ಮೊದಲು ಹನ್ನೆರಡು ವರ್ಷ ನಾನು ಪುಸ್ತಕಗಳಿಗೆ ರಟ್ಟು ಹಾಕುವ ಅಂಗಡಿಯಲ್ಲಿದ್ದೆ. ಅಂಟು ಕಲಸುವುದು ನನ್ನ ಕೆಲಸ. ಸೇರಿದ ಹೊಸತರಲ್ಲಿ ಹಿಟ್ಟನ್ನೆಲ್ಲಾ ಒಮ್ಮೆಗೇ ನೀರಿಗೆ ಸುರಿದಿದ್ದೆ. ಹೊರಗೆ ಒದ್ದೆ, ಒಳಗೆ ಒಣ, ಬರೀ ಗಂಟು. ಗಂಟು ಕಾಣದಿರಲೆಂದು ಬಟ್ಟೆಯಲ್ಲಿ ಸೋಸಿ, ಕೆಳಗಿಳಿದ ನೀರನ್ನೇ ಕುದಿಸಿ ಕೊಟ್ಟೆ. ಅವತ್ತು ರಟ್ಟು ಹಾಕಿದ ಮೂವತ್ತು ಪುಸ್ತಕಗಳೂ ಮಾರನೇ ದಿನ ಎತ್ತಿದರೆ ಹಾಳೆ ಹಾಳೆ. ಅಂಟೆಲ್ಲಾ ಬಟ್ಟೆಯಲ್ಲೇ ಉಳಿದಿತ್ತು. "ಪುಸ್ತಕಕ್ಕೆ ಸ್ನಾನ ಮಾಡಿಸಿದೆಯಾ ತಾಯಿ?" ಎಂದಿದ್ದರು ಅಂಗಡಿಯ ಯಜಮಾನರು.

ಗಾಜಿನ ಗೋಡೆಯತ್ತ ನೋಡಿದೆ. ಒಳಗೆ ಅವಸರ ಕೈಗವಸು ಹಾಕಿ ಕೂತಿದ್ದಳು. ಗೀರು ಎಳೆದಾಗಿತ್ತೋ ಇಲ್ಲವೋ ತಿಳಿಯದು. ದ್ರಾವಣದ ಬಾಟಲಿಯ ಮುಚ್ಚಳ ತೆರೆದಿತ್ತು. ಗಾಜು ಬಡಿದೆ. ತಲೆಯೆತ್ತಿ, ಆಮೇಲೆ ಬನ್ನಿ ಎಂದು ಕೈಯಾಡಿಸಿದಳು. ಬಾಗಿಲು ತೆಗೆಯುವ ಹಾಗಿಲ್ಲ. ಕೈಗವಸಿನ ಪೆಟ್ಟಿಗೆಯ ಮುಚ್ಚಳ ಹರಿದೆ, ಹೆಸರು ಬರೆಯುವ ಕಪ್ಪು ಮಾರ್ಕರ್ ತಗೊಂಡೆ, ನನ್ನ ಜನ್ಮದಲ್ಲೇ ಅಷ್ಟು ಬೇಗ ಬರೆದಿರಲಿಲ್ಲ, ಬರೆದು ಗಾಜಿಗೆ ಒತ್ತಿ ಹಿಡಿದೆ:

ಹಾಕಬೇಡ. ನಿನ್ನ ಆಸಿಡ್ ನನ್ನ ಸಿಂಕಿನಲ್ಲಿದೆ.

ಅವಳು ಓದಿದಳು. ಇನ್ನೊಮ್ಮೆ ಓದಿದಳು. ಮುಚ್ಚಳ ಹಾಕಿ ಹೊರಗೆ ಬಂದಳು.

"ಏನಜ್ಜಿ ಇದು? ಗೀರಬೇಕು ಅಂತ ಕೊಳವೆ ಎತ್ತಿದ್ದೆ!"

"ಗೀರಿಲ್ಲ ತಾನೇ?"

"ಇಲ್ಲ."

ಸ್ಟೂಲು ಎಳೆದುಕೊಂಡೆ. ಕೂತು, ಮೊದಲು ಹೇಳಲೇಬೇಕಾದದ್ದನ್ನು ಹೇಳಿದೆ: ಫೋನು, ಐದೋ ಆರೋ, ಮೇಡಂಗೆ ಹೇಳಿದ ಸುಳ್ಳು. ಆಮೇಲೆ ಲೋಳೆ ತೋರಿಸಿದೆ. ಅವಳು ಬೆರಳಲ್ಲಿ ಎಳೆದು ನೋಡಿದಳು.

"ಪುಡಿ ಹೇಗೆ ಕಲಸಿದೆ?" ಎಂದು ಕೇಳಿದೆ.

"ನೀರಿಗೆ ಹಾಕಿ ಜೋರಾಗಿ ಕುಲುಕಿದೆ."

"ಒಟ್ಟಿಗೇ?"

"ಒಟ್ಟಿಗೇ."

"ಎಷ್ಟು ಹೊತ್ತು ಬಿಟ್ಟೆ?"

ಅವಳು ಮತ್ತೊಮ್ಮೆ ಲೋಳೆಯನ್ನು ಎಳೆದು ನೋಡಿದಳು. "ಹತ್ತು ನಿಮಿಷ. ಪಂಪು ಹಾಕಿದ ತಕ್ಷಣ ಸರ್ರಂತ ಇಳೀತು ಅಜ್ಜಿ. ಎಷ್ಟು ಸಲೀಸಾಗಿ ಸೋಸಿತಲ್ಲ ಅಂತ ಖುಷಿಪಟ್ಟಿದ್ದೆ" ಎಂದಳು.

ಮೇಡಂ ಬಂದರು. ಸೋಸಿದ ದ್ರಾವಣದ ಒಂದು ತೊಟ್ಟನ್ನು ಎರಡು ಬೆರಳ ನಡುವೆ ಉಜ್ಜಿದರು, ಲೋಳೆಯನ್ನು ಉಜ್ಜಿದರು, ಮತ್ತೆ ತೊಟ್ಟನ್ನು ಉಜ್ಜಿದರು. "ಇದು ಬರೀ ನೀರು" ಎಂದರು. "ಮೂರು ತಿಂಗಳು ನಾವು ಒಸಡಿಗೆ ನೀರು ಕುಡಿಸಿ, ಯಾಕೆ ಕುಣೀತಿಲ್ಲ ಅಂತ ಕೇಳ್ತಾ ಇದ್ದೀವಿ. ನಾನಾದ್ರೂ ಒಂದು ಸಲ ಬಾಟಲಿ ಓರೆ ಮಾಡಿ ನೋಡಬೇಕಿತ್ತು."

ನಾನು ಎದ್ದು ನಿಂತು ಅವರಿಗೂ ಹೇಳಿದೆ. ಕೇಳಿಸಿಕೊಂಡರು.

"ಸೊನ್ನೆ ಬಟ್ಟಲಿಗೆ ಹಾಕಿದ ಪೋಷಣೆ ನೀರಿನ ಬಾಟಲಿ ಯಾವಾಗ ತೊಳೆದದ್ದು?"

"ಆ ದಿನವೇ. ಅದರ ಮುಂದಿನದು, ಏಳೂ ಎಣಿಸಿ."

"ದ್ರಾವಣದ ಬಟ್ಟಲಲ್ಲೂ ಸೊನ್ನೆಯಲ್ಲೂ ಕೋಶಗಳು ಒಂದೇ ಸಮ ಚೆನ್ನಾಗಿ ನಡೆದವು. ಸೋಪು ಇದ್ದಿದ್ರೆ ಮುದುಡಿ ಮೇಲೆ ತೇಲ್ತಿದ್ವು. ನಾನು ಯೋಚನೆ ಮಾಡದೆ ನಿಮ್ಮನ್ನ ಕೇಳಿಬಿಟ್ಟೆ. ನೀವು ಆರೇ ಸಲ ತೊಳೆದಿದ್ರೂ ಅದರಿಂದ ಏನೂ ಆಗಿಲ್ಲ ಅಮ್ಮ." ಆಮೇಲೆ ಬಾಗಿಲ ಹತ್ತಿರ ತಿರುಗಿ ಸೇರಿಸಿದರು: "ಆದ್ರೆ ಲೆಕ್ಕ ತಪ್ಪಿದ್ರೆ ಊಹೆ ಬೇಡ. ಒಂದರಿಂದ ಶುರು ಮಾಡಿ."

"ಆಯ್ತು ಮೇಡಂ" ಎಂದೆ. ನಾಲ್ಕು ದಿನದಿಂದ ಭುಜದ ಮೇಲೆ ಕೂತಿದ್ದದ್ದು ಯಾವಾಗ ಇಳಿದು ಹೋಯಿತೋ ಗೊತ್ತಾಗಲಿಲ್ಲ. ಹೊಟ್ಟೆ ಹಸಿಯುತ್ತಿದೆ ಅನ್ನುವುದು ಮಾತ್ರ ಗೊತ್ತಾಯಿತು.

ಮಧ್ಯಾಹ್ನವೇ ಹೊಸ ದ್ರಾವಣಕ್ಕೆ ಕೂತೆವು. ತಣ್ಣನೆಯ ನೀರು, ಮೇಲಿಂದ ಚಿಟಿಕೆ ಚಿಟಿಕೆಯಾಗಿ ಪುಡಿ. ಒಂದು ಚಿಟಿಕೆ ನೆನೆದು ಮರೆಯಾದ ಮೇಲೆ ಇನ್ನೊಂದು. ಅವಸರಳ ಕೈ ಎರಡು ಸಲ ಕುಲುಕಲು ಹೋಯಿತು.

"ಕೈ ಕಟ್ಕೋ."

"ಒಂದೇ ಒಂದು ಸಲ ಅಜ್ಜಿ, ಮೆಲ್ಲಗೆ."

"ಬೀಜ ಹಾಕಿ ಬೇರು ಬಂತಾ ಅಂತ ಕಿತ್ತು ನೋಡೋ ಜಾತಿ ನೀನು. ಕೈ ಕಟ್ಕೋ ಅಂದೆ."

ತಣ್ಣನೆ ಪೆಟ್ಟಿಗೆಯಲ್ಲಿ ಮರುದಿನದವರೆಗೆ ಬಿಟ್ಟೆವು. ಬೆಳಗ್ಗೆ ನೋಡಿದರೆ ಒಂದೂ ಗಂಟಿಲ್ಲ, ತಿಳಿ ಜೇನಿನಂತೆ ಬಾಟಲಿಯ ಗೋಡೆ ಹಿಡಿದು ಇಳಿಯುತ್ತಿತ್ತು. ಮೇಡಂ ಅದನ್ನು ಇನ್ನಷ್ಟು ತೆಳ್ಳಗೆ ಮಾಡಿಸಿ ಸೋಸಿಸಿದರು. ಸರ್ರಂತ ಇಳಿಯಲಿಲ್ಲ, ತೊಟ್ಟು, ಆಮೇಲೆ ತೊಟ್ಟು. ಮಧ್ಯಾಹ್ನದ ಊಟದ ಹೊತ್ತು ದಾಟಿದರೂ ಅವಸರ ಅದರ ಮುಂದಿನಿಂದ ಏಳಲಿಲ್ಲ. ಸೋಸಿದ್ದನ್ನು ಬೆರಳಲ್ಲಿ ಮುಟ್ಟಿ ನೋಡಿದೆವು. ಜಾರಿತು. ಸೋಸು ಬಟ್ಟಲು ನನ್ನ ಸಿಂಕಿಗೆ ಬಂದಾಗ ಒಳಗೆ ಲೋಳೆಯಿರಲಿಲ್ಲ.

ಗೀರು ಎಳೆದದ್ದು ಸಂಜೆ ನಾಲ್ಕಕ್ಕೆ. ಮರುದಿನ ನಾಲ್ಕಕ್ಕೆ ಅವಳು ನನ್ನನ್ನು ಒಳಗೆ ಕರೆದಳು. ಬೂಟು ಬಿಚ್ಚಿ, ಟೊಪ್ಪಿ ಹಾಕಿ ಹೋದೆ. ಅವಳ ಮುಖ ನೋಡಿದರೆ ಏನೂ ತಿಳಿಯಲಿಲ್ಲ, ಮಾಸ್ಕಿನ ಮೇಲೆ ಕಣ್ಣೆರಡೇ ಕಾಣುತ್ತಿದ್ದವು.

"ನಿಮ್ಮದೇ ಅಲ್ವಾ, ಮೇಡಂಗಿಂತ ಮೊದಲು ನೀವೇ ನೋಡಿ."

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಸೊನ್ನೆ ಬಟ್ಟಲು: ಎರಡು ದಡ, ನಡುವೆ ಬಯಲು, ಬಯಲಲ್ಲಿ ಅಲ್ಲೊಂದು ಇಲ್ಲೊಂದು ಉದ್ದನೆಯ ಕೋಶ, ಸಂತೆಗೆ ಮೊದಲು ಬಂದವರ ಹಾಗೆ. ಬಯಲು ಅರ್ಧದಷ್ಟು ಹಾಗೇ ಇತ್ತು. ಒಂದು: ಸ್ವಲ್ಪ ಕಿರಿದು. ಆಮೇಲೆ ಎರಡು ಇಟ್ಟಳು. ಗೀರು ಹುಡುಕಿದೆ. ಸಿಗಲಿಲ್ಲ.

"ಗೀರು ಎಲ್ಲಮ್ಮ?"

"ಎಲ್ಲಿ ಅಂತ ನಾನೂ ಬೆಳಗ್ಗೆಯಿಂದ ಹುಡುಕ್ತಾ ಇದ್ದೀನಿ" ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಮಾಸ್ಕಿನೊಳಗೆ ಏನೆಂದು ಹೇಳುವುದು.

ಮೂರರಲ್ಲಿ ಮತ್ತೆ ಸಣ್ಣ ಸಂದು ಕಾಣಿಸಿತು. ಆಸಿಡ್ ಜಾಸ್ತಿಯಾದರೆ ಕೋಶಗಳಿಗೆ ಕೆಸರಲ್ಲಿ ನಡೆದ ಹಾಗಾಗಿರಬಹುದು ಎಂದರು ಮೇಡಂ. ಅತಿಯಾದರೆ ಅಮೃತವೂ ವಿಷ ಅನ್ನುವುದು ಒಸಡಿಗೂ ಗೊತ್ತಿದೆ ಅಂತಾಯಿತು. ಇನ್ನೆರಡು ಸಲ ಹೀಗೇ ಬಂದರೆ ಮಾತ್ರ ನಂಬಬೇಕಂತೆ. ಅದಕ್ಕೆಂದು ಒಂದು ಬಟ್ಟಲನ್ನು ಗೀರದೆ ಬೆಳೆಯಲು ಬಿಟ್ಟಿದ್ದಾಳೆ. ವಿಷಯ ಬದಲಾಯಿಸುವ ಮಾತನ್ನು ಯಾರೂ ಎತ್ತಲಿಲ್ಲ. ಹೊರಡುವಾಗ ಅವಸರ ಲಿಫ್ಟಿಗೆ ಕಾಯುತ್ತಾ ನಿಂತಿದ್ದಳು. ಲಿಫ್ಟು ಬರುವ ಮೊದಲೇ ಮೆಟ್ಟಿಲು ಹಿಡಿದು ಓಡಿದಳು ಅನ್ನಿ. ಆದರೂ ನಿಂತಿದ್ದಳು.

ತಂಗಿಗೆ ಫೋನ್ ಮಾಡಿ ಹೇಳಿದೆ.

"ನೋಡಿದ್ಯಾ? ನಿನ್ನ ಬಾಯಿಗೆ ಗಾಯ ಮಾಡಿದ್ರೂ ಒಂದೇ ದಿನದಲ್ಲಿ ಮತ್ತೆ ಶುರು!" ಎಂದಳು. ಆಮೇಲೆ, "ಅಕ್ಕಾ, ಅವತ್ತು ನಾನು ಫೋನ್ ಮಾಡಿದ್ದು ಲೆಕ್ಕಕ್ಕಿಲ್ಲ ತಾನೇ?" ಎಂದು ಕೇಳಿದಳು. ಅವಳೂ ನಿದ್ದೆಗೆಟ್ಟಿದ್ದಳು ಅನ್ನುವುದು ನನಗೆ ಆಗ ಹೊಳೆಯಿತು.

"ಇಲ್ಲ ಕಣೇ. ಬೇಕಾದಾಗ ಮಾಡು."

ಸಿಂಕಿನ ತುಂಬ ಬಾಟಲಿಗಳು ಕಾಯುತ್ತಿದ್ದವು. ದೊಡ್ಡದನ್ನು ಎತ್ತಿಕೊಂಡು ಬ್ರಷ್ ಆಡಿಸಿ, ನಲ್ಲಿಗೆ ಹಿಡಿದು, ಎಣಿಸತೊಡಗಿದೆ. ಒಂದು. ಎರಡು. ಮೂರು. ಕಣ್ಣ ಮುಂದೆ ಗೀರಿಲ್ಲದ ಆ ಚಾಪೆ ಬಂತು. ನನ್ನದೇ ಮೈಯ ಚೂರು, ನನಗೆ ಹೇಳದೆ ಕೇಳದೆ ದಡದಿಂದ ದಡಕ್ಕೆ ನಡೆದುಬಿಟ್ಟಿತ್ತು. ಬಾಟಲಿ ಕೈಯಲ್ಲಿ ತುಂಬಿ ಹರಿಯುತ್ತಿತ್ತು. ನಾಲ್ಕಾಗಿತ್ತೋ, ಐದಾಗಿತ್ತೋ.

ನೀರು ಚೆಲ್ಲಿದೆ. ಒಂದು, ಎಂದೆ.